ಕೌಂಟರಿನ ಆಚೆ ಬದಿ

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಜಾಗಕ್ಕೆ ಕಾಗದಪತ್ರದಲ್ಲಿ ‘ಪರಿಚಲನಾ ವಿಭಾಗ’ ಎಂಬ ಹೆಸರಿದೆ. ಬಾಯಿಮಾತಿನಲ್ಲಿ ಅದು ಕೌಂಟರ್. ಅದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಆ ಕೆಲಸ ಬಲ್ಲವರು ಈ ಸಲ ಉತ್ತರ ಕೊಟ್ಟಿದ್ದಾರೆ. ತಂತ್ರಾಂಶದ ಮಾತು ಬಂದಲ್ಲೆಲ್ಲ ಗ್ರಂಥಾಲಯಗಳ ಲೆಕ್ಕ ಇಡುವ ‘ಕೋಹಾ’ವನ್ನು ಎದುರಿಗಿಟ್ಟುಕೊಂಡಿದ್ದಾರೆ. ‘ಸೋಲ್’ ಅಥವಾ ‘ಇ-ಗ್ರಂಥಾಲಯ’ ಬಳಸುವ ಕಡೆ ಬಟನ್ನಿನ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚುಕಡಿಮೆ ಇದೇ.

ಪುಸ್ತಕ ವಾಪಸ್ ಕೊಟ್ಟು ಎರಡು ತಿಂಗಳಾಯಿತು. ಈಗ ನೋ ಡ್ಯೂ ಸರ್ಟಿಫಿಕೇಟ್ ಕೇಳಲು ಹೋದರೆ ಇನ್ನೂ ನನ್ನ ಹೆಸರಿನಲ್ಲೇ ಇದೆಯಂತೆ, ದಂಡವೂ ಏರಿದೆ. ಏನು ಮಾಡಲಿ?
– ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಮೊದಲಿಗೆ, ಆತುರಪಟ್ಟು ‘ಪುಸ್ತಕ ಕಳೆದುಹೋಗಿದೆ’ ಎಂದು ಬರೆದುಕೊಡಬೇಡಿ. ‘ವಾಪಸ್ ಕೊಟ್ಟಿದ್ದೇನೆ’ ಎಂದೇ ಬರೆದುಕೊಡಿ. ಎರಡರ ದಾರಿ ಬೇರೆ ಬೇರೆ. ಮೊದಲನೆಯದರಲ್ಲಿ ಬೆಲೆ ವಸೂಲಿ ಶುರುವಾಗುತ್ತದೆ, ಎರಡನೆಯದರಲ್ಲಿ ಹುಡುಕಾಟ ಶುರುವಾಗುತ್ತದೆ. ಕೋಹಾದ ಈಚಿನ ಆವೃತ್ತಿಗಳಲ್ಲಿ ‘ವಾಪಸ್ ಕೊಟ್ಟಿರುವುದಾಗಿ ಹೇಳಿಕೆ’ ಎಂದು ದಾಖಲಿಸಲು ಪ್ರತ್ಯೇಕ ಗುರುತೇ ಇದೆ. ಅದನ್ನು ಹಾಕಲು ಕೇಳಿ.

ಈಗ ಕಾರಣಕ್ಕೆ ಬರೋಣ. ರಿಟರ್ನ್ ನಡೆಯುವುದು ವಿದ್ಯಾರ್ಥಿಯ ಹೆಸರಿನ ಮೇಲಲ್ಲ, ಪುಸ್ತಕಕ್ಕೆ ಅಂಟಿಸಿದ ನಂಬರಿನ ಮೇಲೆ. ನೀವು ತಂದುಕೊಟ್ಟರೂ ಒಂದೇ, ನಿಮ್ಮ ತಮ್ಮ ತಂದುಕೊಟ್ಟರೂ ಒಂದೇ. ಆ ನಂಬರ್ ಯಾರ ಖಾತೆಯಲ್ಲಿದೆಯೋ ಅವರ ಖಾತೆ ಖಾಲಿಯಾಗುತ್ತದೆ. ಹಾಸ್ಟೆಲಿನಲ್ಲಿ ಒಂದೇ ಪಠ್ಯದ ಎರಡು ಪ್ರತಿಗಳು ಒಂದೇ ಮೇಜಿನ ಮೇಲಿರುತ್ತವೆ ಎನ್ನಿ. ನಿಮ್ಮದು 45210, ಗೆಳತಿಯದು 45213. ರಟ್ಟಿನ ಬಣ್ಣ ಒಂದೇ, ಬೆನ್ನಿನ ಚೀಟಿ ಒಂದೇ. ನೀವು 45213 ಎತ್ತಿಕೊಂಡು ಬಂದು ಕೊಟ್ಟರೆ ಗೆಳತಿಯ ಹೊರೆ ಇಳಿಯಿತು, ನಿಮ್ಮದು ಹಾಗೇ ಉಳಿಯಿತು. ಅವಳ ಖಾತೆ ಖಾಲಿ ಇರುವುದರಿಂದ ಅವಳೂ ಹುಡುಕಲು ಹೋಗುವುದಿಲ್ಲ. ನಿಮ್ಮ 45210 ಅವಳ ಟ್ರಂಕಿನಲ್ಲಿ ಸುಖವಾಗಿ ಮಲಗಿರುತ್ತದೆ. ನೋ ಡ್ಯೂ ಸಮಯದ ಜಗಳಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಹಾಗಾಗಿ ಕೌಂಟರಿನಲ್ಲಿ ಹೀಗೆ ಕೇಳಿ: ‘ನಾನು ಕೊಟ್ಟೆ ಎನ್ನುವ ದಿನದ ಆಸುಪಾಸಿನಲ್ಲಿ ಇದೇ ಪುಸ್ತಕದ ಬೇರೆ ಪ್ರತಿ ಯಾವುದಾದರೂ ರಿಟರ್ನ್ ಆಗಿದೆಯೇ?’ ಯಾರ ಹೆಸರನ್ನೂ ಹೇಳದೆ ಅವರು ಅದನ್ನು ನೋಡಬಲ್ಲರು.

ಎರಡನೆಯ ಕಾರಣ ಕೌಂಟರಿನದೇ ತಪ್ಪು. ಐದು ಪುಸ್ತಕಗಳನ್ನು ಸರಸರನೆ ಸ್ಕ್ಯಾನ್ ಮಾಡುವಾಗ ಎರಡನೆಯದಕ್ಕೆ ‘ದಂಡ ಬಾಕಿ ಇದೆ’, ‘ಬೇರೆಯವರು ಕಾಯ್ದಿರಿಸಿದ್ದಾರೆ’ ಎಂಬಂಥ ಸೂಚನೆಯ ಕಿಟಕಿ ತೆರೆದುಕೊಳ್ಳುತ್ತದೆ. ಸ್ಕ್ಯಾನರಿಗೆ ಅದರ ಪರಿವೆ ಇಲ್ಲ, ‘ಬೀಪ್’ ಎನ್ನುತ್ತಲೇ ಇರುತ್ತದೆ. ಮೂರನೆಯ ಪುಸ್ತಕದ ನಂಬರ್ ಆ ಕಿಟಕಿಗೆ ಹೋಗಿ ಬಿದ್ದು ಮಾಯವಾಗುತ್ತದೆ. ಬೀಪ್ ಎಂದರೆ ಸ್ಕ್ಯಾನರ್ ಓದಿತು ಎಂದಷ್ಟೇ ಅರ್ಥ, ತಂತ್ರಾಂಶ ಒಪ್ಪಿಕೊಂಡಿತು ಎಂದಲ್ಲ. ಕೌಂಟರಿಗೆ ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳಬೇಕಾದ ಮಾತಿದು: ಕಣ್ಣು ಪರದೆಯ ಮೇಲಿರಲಿ, ಕೊನೆಗೆ ಕೈಯಲ್ಲಿರುವ ಪುಸ್ತಕಗಳ ಸಂಖ್ಯೆಯನ್ನೂ ಪರದೆಯ ಮೇಲಿನ ಸಾಲುಗಳ ಸಂಖ್ಯೆಯನ್ನೂ ತಾಳೆ ನೋಡಿ.

ಹೀಗೆ ತಪ್ಪಿಸಿಕೊಂಡ ಪುಸ್ತಕ ಒಳಗೇ ಇರುತ್ತದೆ, ಆದ್ದರಿಂದ ಹುಡುಕಲೇಬೇಕು. ಮೊದಲು ಅದರ ಸ್ವಂತ ಜಾಗ. ಆಮೇಲೆ ಅದೇ ರ‍್ಯಾಕಿನ ಮೇಲಿನ ಮತ್ತು ಕೆಳಗಿನ ಹಲಗೆ, ಸಾಲಿನ ಹಿಂದೆ ಬಿದ್ದಿರಬಹುದಾದ ಸಂದು. ಅನಂತರ ಬೆನ್ನಿನ ಚೀಟಿಯ ವಿಷಯಸಂಖ್ಯೆಯಲ್ಲಿ ಅಂಕಿ ಅದಲುಬದಲಾಗಿರಬಹುದಾದ ಜಾಗ: 894.8143 ಹೋಗಿ 894.8134 ಆಗಿದೆಯೇ? ಕೊನೆಗೆ ಪಠ್ಯಪುಸ್ತಕ ವಿಭಾಗ, ಪರಾಮರ್ಶನ ವಿಭಾಗ, ಬೈಂಡಿಂಗಿಗೆ ಕಟ್ಟಿಟ್ಟ ಗಂಟುಗಳು. ಒಂದೇ ದಿನ ಹುಡುಕಿ ಕೈಬಿಡಬಾರದು. ವಾರ ಬಿಟ್ಟು ವಾರ ಮೂರು ಸಲವಾದರೂ ನೋಡಬೇಕು. ಎಲ್ಲೋ ಸಿಕ್ಕಿಕೊಂಡಿದ್ದ ಪುಸ್ತಕವನ್ನು ಅಷ್ಟರಲ್ಲಿ ಇನ್ನೊಬ್ಬ ಓದುಗ ತೆಗೆದು ಮೇಜಿನ ಮೇಲೆ ಇಟ್ಟಿರುತ್ತಾನೆ.

ಒಳಗೆ ಸಿಕ್ಕಿತೋ, ದಂಡವನ್ನು ಪೂರ್ತಿ ರದ್ದು ಮಾಡಿ ಎಂದು ಕೇಳುವುದು ನಿಮ್ಮ ಹಕ್ಕು. ಇನ್ನು ಮುಂದೆ ರಿಟರ್ನ್ ಚೀಟಿಯನ್ನಾಗಲಿ ಇಮೇಲನ್ನಾಗಲಿ ನೋ ಡ್ಯೂ ಕೈಗೆ ಬರುವವರೆಗೆ ಇಟ್ಟುಕೊಳ್ಳಿ.

ಕ್ಯಾಟಲಾಗಿನಲ್ಲಿ ‘ಲಭ್ಯವಿದೆ’ ಎಂದಿರುತ್ತದೆ, ರ‍್ಯಾಕಿನಲ್ಲಿ ಇರುವುದಿಲ್ಲ. ಯಾಕೆ ಹೀಗೆ?
– ಸಂಶೋಧನ ವಿದ್ಯಾರ್ಥಿ, ಕಲಬುರಗಿ

‘ಲಭ್ಯವಿದೆ’ ಎಂದರೆ ‘ಯಾರಿಗೂ ಇಶ್ಯೂ ಆಗಿಲ್ಲ’ ಎಂದಷ್ಟೇ. ಆ ಹೊತ್ತಿನಲ್ಲಿ ಪುಸ್ತಕ ವಾಚನಾಲಯದ ಮೇಜಿನ ಮೇಲಿರಬಹುದು, ರಿಟರ್ನ್ ಆಗಿ ವಿಂಗಡಣೆಯ ರ‍್ಯಾಕಿನಲ್ಲಿ ಸರದಿ ಕಾಯುತ್ತಿರಬಹುದು, ಟ್ರಾಲಿಯ ಮೇಲಿರಬಹುದು. ಪರೀಕ್ಷೆ ಹತ್ತಿರವಾದಾಗ ರಿಟರ್ನ್ ಆದ ಪುಸ್ತಕ ತನ್ನ ಜಾಗಕ್ಕೆ ಮರಳಲು ಒಂದೆರಡು ದಿನ ಹಿಡಿಯುವುದೂ ಉಂಟು. ಹಾಗಾಗಿ ರ‍್ಯಾಕಿಗೆ ಹೋಗುವ ಮುನ್ನ ಕೌಂಟರಿನ ಹಿಂದಿರುವ ಟ್ರಾಲಿಯನ್ನು ನೋಡಲು ಬಿಡಿ ಎಂದು ಕೇಳಿ. ಬಹಳ ಮಂದಿಗೆ ಹೊಳೆಯದ ಉಪಾಯವಿದು.

ಇನ್ನೊಂದು, ದಶಮಾಂಶದ ಗೊಂದಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಚುಕ್ಕಿಯ ನಂತರದ ಅಂಕಿಗಳನ್ನು ಪೂರ್ಣಸಂಖ್ಯೆಯಂತೆ ಓದಬಾರದು. 330.9, 330.12, 330.954 ಈ ಮೂರನ್ನು ಜೋಡಿಸಲು ಕೊಟ್ಟರೆ ಹೊಸ ಅಟೆಂಡರ್ 9, 12, 954 ಎಂದು ಲೆಕ್ಕ ಹಾಕಿ ಇದ್ದ ಹಾಗೇ ಇಡುತ್ತಾನೆ. ಸರಿಯಾದ ಕ್ರಮ 330.12, 330.9, 330.954. ಒಂದೊಂದೇ ಅಂಕಿಯನ್ನು ಎಡದಿಂದ ಹೋಲಿಸುತ್ತ ಹೋಗಬೇಕು: 1 ಮೊದಲು, 9 ಆಮೇಲೆ, 9ರ ಬೆನ್ನಿಗೆ 95. ನೀವು ಹುಡುಕುವಾಗಲೂ ಇದೇ ತಪ್ಪು ಮಾಡುತ್ತಿರಬಹುದು, ಒಮ್ಮೆ ನೋಡಿಕೊಳ್ಳಿ.

ಓದಿದ ಪುಸ್ತಕವನ್ನು ನೀವೇ ರ‍್ಯಾಕಿಗೆ ಸೇರಿಸಬೇಡಿ, ಮೇಜಿನ ಮೇಲೇ ಬಿಡಿ ಎನ್ನುವುದೂ ಇದಕ್ಕೇ. ಒಂದು ಹಲಗೆ ಆಚೀಚೆ ಹೋದ ಪುಸ್ತಕ ಮುಂದಿನ ಎಣಿಕೆಯವರೆಗೂ ಕಳೆದುಹೋದ ಹಾಗೆಯೇ ಲೆಕ್ಕ. ಮೇಜಿನಿಂದ ಎತ್ತಿದ ಪುಸ್ತಕವನ್ನು ಕೋಹಾದಲ್ಲಿ ರಿಟರ್ನ್ ಪರದೆಯ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿದರೆ ‘ಕೊನೆಯ ಬಾರಿ ಕಂಡ ದಿನ’ ತಾನಾಗಿಯೇ ದಾಖಲಾಗುತ್ತದೆ. ಮುಂದೊಂದು ದಿನ ಪುಸ್ತಕ ಕಾಣೆಯಾದರೆ ಹುಡುಕಾಟಕ್ಕೆ ಆ ದಿನಾಂಕವೇ ಆಧಾರ. ಮೂರು ವರ್ಷದ ಹಿಂದೆ ಕೊನೆಯ ಬಾರಿ ಕಂಡದ್ದಕ್ಕೂ ಮೊನ್ನೆ ಕಂಡದ್ದಕ್ಕೂ ಹುಡುಕುವ ರೀತಿಯೇ ಬೇರೆ.

ಪರೀಕ್ಷೆಯ ಹೊತ್ತಿಗೆ ತಮಗೇ ಸಿಗಲೆಂದು ಅರ್ಥಶಾಸ್ತ್ರದ ಪುಸ್ತಕವನ್ನು ರಸಾಯನಶಾಸ್ತ್ರದ ನಡುವೆ ಬಚ್ಚಿಡುವ ಜಾಣರೂ ಇದ್ದಾರೆ. ಬೆನ್ನಿನ ಚೀಟಿಗಳ ಮೇಲೆ ದಿನಾಲೂ ಸ್ವಲ್ಪ ಸ್ವಲ್ಪ ಭಾಗ ಕಣ್ಣಾಡಿಸುತ್ತ ಹೋಗುವುದೊಂದೇ ಇದಕ್ಕೆ ಮದ್ದು. ಹಲಗೆಯ ಕಾಲು ಭಾಗ ಖಾಲಿ ಬಿಟ್ಟಿದ್ದರೆ ಈ ಕೆಲಸ ಬೇಗ ಸಾಗುತ್ತದೆ. ಒತ್ತಿ ತುಂಬಿದ ಹಲಗೆಯಲ್ಲಿ ಪುಸ್ತಕವನ್ನು ನೆತ್ತಿಗೆ ಬೆರಳು ಹಾಕಿ ಎಳೆಯುತ್ತಾರೆ, ಬೆನ್ನು ಹರಿಯುತ್ತದೆ.

ನಮ್ಮ ಕೌಂಟರಿನ ಬಾರ್‌ಕೋಡ್ ಸ್ಕ್ಯಾನರ್ ಕೆಲವು ದಿನ ಸರಿಯಿರುತ್ತದೆ, ಕೆಲವು ದಿನ ನಂಬರಿನ ಬದಲು ಏನೇನೋ ಅಕ್ಷರ ಬರುತ್ತದೆ. ಸ್ಕ್ಯಾನರ್ ಹಾಳಾಗಿದೆಯೇ?
– ಗ್ರಂಥಾಲಯ ಸಹಾಯಕಿ, ಶಿವಮೊಗ್ಗ

ಸ್ಕ್ಯಾನರ್ ಬದಲಿಸುವ ಮುನ್ನ ಕೀಬೋರ್ಡ್ ಯಾವ ಭಾಷೆಯಲ್ಲಿದೆ ನೋಡಿ. ಕಂಪ್ಯೂಟರಿನ ಕಣ್ಣಿಗೆ ಈ ಸ್ಕ್ಯಾನರ್ ಇನ್ನೊಂದು ಕೀಬೋರ್ಡ್ ಅಷ್ಟೇ. ಯಾರೋ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಪತ್ರ ಟೈಪ್ ಮಾಡಿ ಇಂಗ್ಲಿಷಿಗೆ ಬದಲಿಸದೆ ಎದ್ದುಹೋಗಿದ್ದರೆ, ಬಾರ್‌ಕೋಡಿನಲ್ಲಿರುವ ಇಂಗ್ಲಿಷ್ ಅಕ್ಷರಗಳು ಕನ್ನಡ ಅಕ್ಷರಗಳಾಗಿ ಬಂದು ಕೂರುತ್ತವೆ. ‘ಅಂಥ ಪುಸ್ತಕ ಇಲ್ಲ’ ಎಂದು ತಂತ್ರಾಂಶ ಹೇಳುವುದು ನ್ಯಾಯವೇ. ಕ್ಯಾಪ್ಸ್ ಲಾಕ್ ಒತ್ತಿಹೋಗಿದ್ದರೆ ದೊಡ್ಡಕ್ಷರ ಚಿಕ್ಕದಾಗಿ, ಚಿಕ್ಕದು ದೊಡ್ಡದಾಗಿ ಬರುತ್ತವೆ. ಬರೀ ಅಂಕಿಗಳ ಬಾರ್‌ಕೋಡ್ ಇಟ್ಟುಕೊಂಡ ಗ್ರಂಥಾಲಯಗಳಿಗೆ ಈ ಕಾಟ ಕಡಿಮೆ. ಹೊಸದಾಗಿ ಬಾರ್‌ಕೋಡ್ ಹಾಕಿಸುವವರು ಅಕ್ಷರ ಸೇರಿಸದಿರುವುದು ಒಳ್ಳೆಯದು.

ನಂಬರ್ ಸರಿಯಾಗಿ ಬಂದು ಮುಂದಕ್ಕೆ ಹೋಗದೆ ಅಲ್ಲೇ ನಿಂತರೆ, ಸ್ಕ್ಯಾನರ್ ಕೊನೆಯಲ್ಲಿ ‘ಎಂಟರ್’ ಕಳಿಸುತ್ತಿಲ್ಲ ಎಂದರ್ಥ. ಸ್ಕ್ಯಾನರಿನ ಜೊತೆ ಬರುವ ಕೈಪಿಡಿಯಲ್ಲಿ ಅದಕ್ಕೆಂದೇ ಒಂದು ಬಾರ್‌ಕೋಡ್ ಅಚ್ಚಾಗಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿದರೆ ಸರಿಹೋಗುತ್ತದೆ. ಆ ಕೈಪಿಡಿಯನ್ನು ಕಸಕ್ಕೆ ಹಾಕಬೇಡಿ.

ಓದುವುದೇ ಇಲ್ಲ ಎಂದಾದರೆ ಚೀಟಿಯನ್ನು ಗಮನಿಸಿ. ಚೀಟಿಯ ಮೇಲೆ ಹೊಳೆಯುವ ಟೇಪ್ ಅಂಟಿಸಿದ್ದರೆ ಬೆಳಕು ನೇರ ವಾಪಸಾಗಿ ಸ್ಕ್ಯಾನರಿನ ಕಣ್ಣು ಕುಕ್ಕುತ್ತದೆ. ಸ್ವಲ್ಪ ಓರೆಯಾಗಿ ಹಿಡಿದರೆ ಓದುತ್ತದೆ. ಗೆರೆಗಳ ಎಡಬಲದಲ್ಲಿ ಖಾಲಿ ಜಾಗ ಬೇಕೇ ಬೇಕು, ಅತಿ ತೆಳ್ಳನೆಯ ಗೆರೆಯ ಹತ್ತರಷ್ಟಾದರೂ. ಚೀಟಿ ಕತ್ತರಿಸುವಾಗ ಗೆರೆಗೆ ತಾಗಿಸಿ ಕತ್ತರಿ ಆಡಿಸಿದರೆ ಅಲ್ಲಿಗೆ ಮುಗಿಯಿತು. ಬಿಲ್ಲಿನ ಚೀಟಿಯಂತೆ ಬಿಸಿಗೆ ಕಪ್ಪಾಗುವ ಕಾಗದದಲ್ಲಿ ಮುದ್ರಿಸಿದ್ದು ಕೆಲವೇ ವರ್ಷಗಳಲ್ಲಿ ಮಸುಕಾಗುತ್ತದೆ. ರಿಬ್ಬನ್ನಿನಿಂದ ಮುದ್ರಿಸಿದ್ದೇ ಬಾಳಿಕೆಯದು.

ಇನ್ನೊಂದು ಬಲೆ ಎಕ್ಸೆಲ್. ನಂಬರುಗಳ ಪಟ್ಟಿಯನ್ನು ಅದರಲ್ಲಿ ತೆರೆದರೆ ಮುಂದಿನ ಸೊನ್ನೆಗಳನ್ನು ಅದು ಹೇಳದೆ ಕೇಳದೆ ತಿಂದುಹಾಕುತ್ತದೆ. 004521 ಹೋಗಿ 4521 ಆಗಿರುತ್ತದೆ. ಪುಸ್ತಕದ ಮೇಲೊಂದು, ದಾಖಲೆಯಲ್ಲೊಂದು. ಆ ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಗುರುತಿಸಿಕೊಂಡು ಆಮೇಲೆ ನಂಬರ್ ತುಂಬಿ.

ಇಶ್ಯೂ ಮಾಡಿಸಿಕೊಂಡು ಬಂದರೂ ಬಾಗಿಲ ಗೇಟು ಕೂಗುತ್ತದೆ. ಎಲ್ಲರೂ ಕಳ್ಳನನ್ನು ನೋಡುವ ಹಾಗೆ ನೋಡುತ್ತಾರೆ.
– ಬಿ.ಇಡಿ. ವಿದ್ಯಾರ್ಥಿ, ಮೈಸೂರು

ಗೇಟು ನಿಮ್ಮ ಖಾತೆಯನ್ನು ನೋಡುವುದಿಲ್ಲ. ಆರ್‌ಎಫ್‌ಐಡಿ (ರೇಡಿಯೊ ಅಲೆಯಿಂದ ಗುರುತು ಓದುವ ವ್ಯವಸ್ಥೆ) ಇರುವಲ್ಲಿ ಪುಸ್ತಕದೊಳಗೆ ಅಂಟಿಸಿದ ಬಿಲ್ಲೆಯಲ್ಲಿ ‘ಕಾವಲು ಇದೆ’, ‘ಕಾವಲು ಇಲ್ಲ’ ಎಂಬ ಗುರುತೊಂದಿರುತ್ತದೆ. ಗೇಟು ಓದುವುದು ಅದನ್ನು. ಇಶ್ಯೂ ಮಾಡಿದಾಗ ದಾಖಲೆ ಬದಲಾಗುವುದು ಒಂದು ಕೆಲಸ, ಬಿಲ್ಲೆಯ ಗುರುತು ಬದಲಾಗುವುದು ಇನ್ನೊಂದು. ಮೂರು ತೆಳ್ಳನೆಯ ಪುಸ್ತಕಗಳನ್ನು ಒಟ್ಟಿಗೆ ಕೌಂಟರಿನ ಬಿಲ್ಲೆ ಓದುವ ಪ್ಯಾಡಿನ ಮೇಲಿಟ್ಟಾಗ ಬಿಲ್ಲೆಗಳು ಒಂದರ ಮೇಲೊಂದು ನೇರ ಬಿದ್ದರೆ ಒಂದನ್ನೊಂದು ಮರೆಮಾಡುತ್ತವೆ. ಕೈಯಲ್ಲಿ ನಂಬರ್ ಟೈಪ್ ಮಾಡಿ ಇಶ್ಯೂ ಮಾಡಿದಾಗಲೂ ಬಿಲ್ಲೆ ಹಳೆಯ ಸ್ಥಿತಿಯಲ್ಲೇ ಉಳಿದುಬಿಡುತ್ತದೆ. ಹಿಂದಿರುಗಿ ಬಂದು ಒಂದೊಂದೇ ಪುಸ್ತಕವನ್ನು ಪ್ಯಾಡಿನ ಮೇಲಿಡಿಸಿಕೊಳ್ಳಿ.

ಬಿಲ್ಲೆ ಅಂಟಿಸುವವರಿಗೆ ಒಂದು ಮಾತು: ಎಲ್ಲ ಪುಸ್ತಕಕ್ಕೂ ಒಂದೇ ಎತ್ತರದಲ್ಲಿ ಅಂಟಿಸಬೇಡಿ, ಒಂದಕ್ಕೆ ಕೆಳಗೆ, ಮುಂದಿನದಕ್ಕೆ ನಡುವೆ, ಅದರ ಮುಂದಿನದಕ್ಕೆ ಮೇಲೆ ಹಾಕುತ್ತ ಹೋಗಿ. ರಟ್ಟಿಗೆ ಬೆಳ್ಳಿ ಹಾಳೆಯ ಅಲಂಕಾರವಿದ್ದರೆ ಅದರ ಹಿಂದೆ ಹಾಕಲೇಬೇಡಿ. ಲೋಹ ಅಡ್ಡಬಂದರೆ ಬಿಲ್ಲೆ ಕುರುಡು.

ಹಳೆಯ ಕಾಂತಪಟ್ಟಿಯ ವ್ಯವಸ್ಥೆಯಲ್ಲಿ ಪುಸ್ತಕದ ಬೆನ್ನನ್ನು ಯಂತ್ರದ ಮೇಲೆ ಪೂರ್ತಿ ಉದ್ದಕ್ಕೂ ಎಳೆಯಬೇಕು. ಅರ್ಧ ಎಳೆದರೆ ಅರ್ಧ ಕಾವಲು ಉಳಿಯುತ್ತದೆ. ಆ ಯಂತ್ರದ ಮೇಲೆ ನಿಮ್ಮ ಎಟಿಎಂ ಕಾರ್ಡನ್ನು ಮಾತ್ರ ಇಡಬೇಡಿ.

ನನಗೆ ಬೇಕಾದ ಪುಸ್ತಕ ಯಾರ ಬಳಿ ಇದೆ ಎಂದು ಹೇಳಿದರೆ ನಾನೇ ಹೋಗಿ ಕೇಳುತ್ತೇನೆ. ಕೌಂಟರಿನವರು ಹೇಳುವುದಿಲ್ಲ. ಇದೇನು ದೊಡ್ಡ ಗುಟ್ಟೇ?
– ಉಪನ್ಯಾಸಕ, ಹಾಸನ

ಗುಟ್ಟೇ. ಯಾರು ಏನು ಓದುತ್ತಿದ್ದಾರೆ ಎನ್ನುವುದನ್ನು ಮೂರನೆಯವರಿಗೆ ಹೇಳುವಂತಿಲ್ಲ. ಕೇಳುವವರು ಮೇಷ್ಟ್ರಾದರೂ, ಹೆತ್ತವರಾದರೂ. ಪುಸ್ತಕವನ್ನು ಕಾಯ್ದಿರಿಸಿ. ಬೇರೊಬ್ಬರು ಕಾಯ್ದಿರಿಸಿದ್ದರೆ ಈಗ ಇಟ್ಟುಕೊಂಡವರಿಗೆ ಅದು ರಿನ್ಯೂ ಆಗದಂತೆ ಮಾಡಬಹುದು. ವಾಪಸ್ ಬಂದ ತಕ್ಷಣ ನಿಮ್ಮ ಹೆಸರಿನ ಚೀಟಿಯೊಂದಿಗೆ ಅದು ಬೇರೆ ಹಲಗೆಗೆ ಹೋಗುತ್ತದೆ. ಬಂದ ಸೂಚನೆ ಸಿಕ್ಕ ಮೇಲೆ ವಾರಗಟ್ಟಲೆ ತಡ ಮಾಡಬೇಡಿ, ಅವಧಿ ಮೀರಿದರೆ ಮುಂದಿನವರ ಪಾಲು.

ಹಿಂದೆ ಓದಿದ್ದ ಪುಸ್ತಕಗಳ ಪಟ್ಟಿಯೂ ಉಳಿಯಬಾರದು ಎನ್ನುವವರಿಗೆ ಕೋಹಾದಲ್ಲಿ ದಾರಿ ಇದೆ: ಗ್ರಂಥಾಲಯ ಆ ಅವಕಾಶ ತೆರೆದಿಟ್ಟಿದ್ದರೆ, ತಮ್ಮ ಖಾತೆಯಲ್ಲಿ ‘ಇತಿಹಾಸ ಎಂದೂ ಇಡಬೇಡ’ ಎಂಬುದನ್ನು ಆರಿಸಿಕೊಳ್ಳಬಹುದು.

ಕಂಪ್ಯೂಟರ್ ಬರುವ ಮುನ್ನ ನಾಲ್ಕು ಚಿಕ್ಕ ಚೀಲದಂಥ ಕಾರ್ಡು ಕೊಡುತ್ತಿದ್ದರು. ಆ ಪದ್ಧತಿ ಹೇಗೆ ನಡೆಯುತ್ತಿತ್ತು?
– ನಿವೃತ್ತ ಅಧ್ಯಾಪಕರು, ಬೆಂಗಳೂರು

ಅದು ಬ್ರೌನ್ ಪದ್ಧತಿ. ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ 19ನೇ ಶತಮಾನದ ಕೊನೆಯ ದಶಕದಲ್ಲಿ ರೂಪಿಸಿದ್ದು. ಓದುಗನಿಗೆ ಎಷ್ಟು ಪುಸ್ತಕ ಕೊಡಬಹುದೋ ಅಷ್ಟು ಟಿಕೆಟ್. ಒಂದೊಂದು ಟಿಕೆಟೂ ಒಂದು ಪುಟ್ಟ ಜೇಬು. ಪುಸ್ತಕದ ರಟ್ಟಿನ ಒಳಬದಿಯ ಜೇಬಿನಲ್ಲಿ ಆ ಪುಸ್ತಕದ ಕಾರ್ಡು. ಇಶ್ಯೂ ಮಾಡುವಾಗ ಕಾರ್ಡನ್ನು ತೆಗೆದು ಓದುಗನ ಟಿಕೆಟಿನೊಳಗೆ ತೂರಿಸಿ, ಪುಸ್ತಕದ ದಿನಾಂಕದ ಚೀಟಿಯ ಮೇಲೆ ವಾಯಿದೆಯ ತಾರೀಖಿನ ಠಸ್ಸೆ ಹೊಡೆದು, ಆ ಜೋಡಿಯನ್ನು ಉದ್ದನೆಯ ಮರದ ಟ್ರೇಯಲ್ಲಿ ಅದೇ ತಾರೀಖಿನ ಫಲಕದ ಹಿಂದೆ ನಂಬರಿನ ಕ್ರಮದಲ್ಲಿ ನಿಲ್ಲಿಸುತ್ತಿದ್ದರು. ವಾಪಸ್ ಬಂದಾಗ ಚೀಟಿಯ ತಾರೀಖು ನೋಡಿ, ಟ್ರೇಯಿಂದ ಜೋಡಿಯನ್ನು ಹೊರತೆಗೆದು, ಕಾರ್ಡು ಪುಸ್ತಕಕ್ಕೆ, ಟಿಕೆಟ್ ಓದುಗನಿಗೆ. ಪೆನ್ನಿನ ಕೆಲಸವೇ ಇಲ್ಲ.

ತಾರೀಖು ದಾಟಿದ ಫಲಕದ ಹಿಂದೆ ಉಳಿದದ್ದೆಲ್ಲ ಬಾಕಿ. ಪಟ್ಟಿ ತಾನಾಗಿಯೇ ಸಿದ್ಧ. ಟಿಕೆಟ್ ಮರಳಿದ ಮೇಲೆ ಯಾರು ಒಯ್ದಿದ್ದರು ಎಂಬುದಕ್ಕೆ ಗುರುತೇ ಉಳಿಯುತ್ತಿರಲಿಲ್ಲ. ಮೇಲಿನ ಪ್ರಶ್ನೆಯ ಗುಟ್ಟನ್ನು ಆ ಮರದ ಟ್ರೇ ಕಂಪ್ಯೂಟರಿಗಿಂತ ಚೆನ್ನಾಗಿ ಕಾಪಾಡುತ್ತಿತ್ತು ಎನ್ನಬೇಕು. ಅದರ ದೊಡ್ಡ ದೋಷವೆಂದರೆ, ಕಾರ್ಡೊಂದು ತಪ್ಪು ತಾರೀಖಿನ ಹಿಂದೆ ಹೋಗಿ ಕೂತರೆ ಟ್ರೇ ಪೂರ್ತಿ ಜಾಲಾಡಬೇಕು.

ಭಾನುವಾರಕ್ಕೂ ದಂಡ ಹಾಕುತ್ತಾರೆಯೇ?
– ಬಿ.ಕಾಂ. ವಿದ್ಯಾರ್ಥಿ, ತುಮಕೂರು

ಅದು ನಿಮ್ಮ ಗ್ರಂಥಾಲಯದ ನಿಯಮ. ದಿನಕ್ಕೆ 1 ರೂಪಾಯಿ ದಂಡ, ವಾಯಿದೆ ಶುಕ್ರವಾರ, ನೀವು ಕೊಟ್ಟದ್ದು ಮಂಗಳವಾರ ಎನ್ನಿ. ರಜೆ ಬಿಟ್ಟು ಎಣಿಸುವಂತೆ ಹೊಂದಿಸಿದ್ದರೆ ಶನಿ, ಸೋಮ, ಮಂಗಳ ಸೇರಿ 3 ರೂಪಾಯಿ. ಪಂಚಾಂಗದ ದಿನ ಎಣಿಸಿದರೆ 4. ‘ಎರಡು ದಿನ ರಿಯಾಯಿತಿ’ ಎಂಬಲ್ಲೂ ಸೂಕ್ಷ್ಮವಿದೆ: ಮೂರನೆಯ ದಿನ ಕೊಟ್ಟರೆ ಒಂದು ದಿನದ ದಂಡವೋ ಮೂರೂ ದಿನದ್ದೋ ಎನ್ನುವುದು ಇನ್ನೊಂದು ಆಯ್ಕೆಯ ಮೇಲೆ ನಿಂತಿದೆ.

ತೊಡಕು ಬರುವುದು ಮಳೆಗಾಲದಲ್ಲಿ. ಜಿಲ್ಲಾಧಿಕಾರಿ ರಾತ್ರಿ ರಜೆ ಘೋಷಿಸುತ್ತಾರೆ, ಗ್ರಂಥಾಲಯವೂ ಮುಚ್ಚಿರುತ್ತದೆ, ತಂತ್ರಾಂಶದ ರಜಾಪಟ್ಟಿಗೆ ಅದನ್ನು ಸೇರಿಸಲು ಯಾರಿಗೂ ನೆನಪಾಗುವುದಿಲ್ಲ. ಬಾಗಿಲು ತೆರೆದ ಕೂಡಲೇ ಮೊದಲು ರಜಾಪಟ್ಟಿ, ಆಮೇಲೆ ರಿಟರ್ನ್. ಉಲ್ಟಾ ಮಾಡಿದರೆ ಆಗಲೇ ದಂಡ ಬಿದ್ದ ಖಾತೆಗಳನ್ನು ಒಂದೊಂದಾಗಿ ಕೈಯಿಂದ ತಿದ್ದಬೇಕು.

ಕರೆಂಟ್ ಹೋದಾಗ, ಸರ್ವರ್ ನಿಂತಾಗ ಇಶ್ಯೂ ನಿಲ್ಲಿಸಿಬಿಡುವುದೇ?
– ಕಾಲೇಜು ಗ್ರಂಥಪಾಲಕಿ, ಕಾರವಾರ

ನಿಲ್ಲಿಸಬೇಕಿಲ್ಲ. ಒಂದು ರೂಲ್ಡ್ ಪುಸ್ತಕದಲ್ಲಿ ನಾಲ್ಕು ಕಲಂ ಹಾಕಿ: ಸಮಯ, ಇಶ್ಯೂವೋ ರಿಟರ್ನೋ, ಸದಸ್ಯನ ನಂಬರ್, ಪುಸ್ತಕದ ನಂಬರ್. ಹೆಸರು, ಶೀರ್ಷಿಕೆ ಬೇಡ, ಸರದಿ ಉದ್ದವಾಗುತ್ತದೆ. ನಂಬರನ್ನು ಮಾತ್ರ ಬರೆದು ಒಮ್ಮೆ ಬಾಯಲ್ಲಿ ಓದಿಸಿ. ಕರೆಂಟ್ ಬಂದ ಮೇಲೆ ಬರೆದ ಕ್ರಮದಲ್ಲೇ ಏರಿಸಿ. ‘ಮೊದಲು ಇಶ್ಯೂ ಎಲ್ಲ ಮುಗಿಸಿಬಿಡೋಣ’ ಎಂದು ಹೊರಟರೆ, ಬೆಳಿಗ್ಗೆ ಒಬ್ಬರು ಕೊಟ್ಟು ಮಧ್ಯಾಹ್ನ ಇನ್ನೊಬ್ಬರು ಒಯ್ದ ಪುಸ್ತಕ ಕೊನೆಗೆ ಯಾರ ಹೆಸರಿನಲ್ಲೂ ಉಳಿಯುವುದಿಲ್ಲ. ಮರುದಿನ ಏರಿಸುವುದಾದರೆ ರಿಟರ್ನ್ ದಿನಾಂಕವನ್ನು ಹಿಂದಕ್ಕೆ ಹಾಕಲು ಮರೆಯಬೇಡಿ. ಮುಚ್ಚಿದ ಮೇಲೆ ಹೊರಗಿನ ಪೆಟ್ಟಿಗೆಗೆ ಬಿದ್ದ ಪುಸ್ತಕಗಳಿಗೆ ಕೋಹಾದ ‘ಬುಕ್ ಡ್ರಾಪ್’ ಬಳಸಿ, ಅವು ಹಿಂದಿನ ಕೆಲಸದ ದಿನವೇ ವಾಪಸಾದಂತೆ ದಾಖಲಾಗುತ್ತವೆ.

ಮಳೆಗೆ ಬ್ಯಾಗಿನಲ್ಲಿದ್ದ ಲೈಬ್ರರಿ ಪುಸ್ತಕ ತೊಯ್ದಿದೆ. ಬಿಸಿಲಿಗೆ ಇಡಲೇ, ಇಸ್ತ್ರಿ ಹಾಕಲೇ?
– ಪದವಿ ವಿದ್ಯಾರ್ಥಿನಿ, ಸಾಗರ

ಎರಡೂ ಬೇಡ. ಬಿಸಿಲಿಗೆ ರಟ್ಟು ಸೊಟ್ಟಗಾಗುತ್ತದೆ, ಇಸ್ತ್ರಿಗೆ ಬೆನ್ನಿನ ಅಂಟು ಕರಗುತ್ತದೆ. ನಮ್ಮ ಮಲೆನಾಡಿನ ತೇವದಲ್ಲಿ ಬೂಷ್ಟು ಹಿಡಿಯಲು 48 ಗಂಟೆ ಸಾಕು, ಹಾಗಾಗಿ ಈ ದಿನವೇ ಶುರುಮಾಡಿ.

ನೀರು ಬಸಿಯುವಷ್ಟು ತೊಯ್ದಿದ್ದರೆ ಮೊದಲು ಮುಚ್ಚಿದಂತೆಯೇ ಟವೆಲಿನ ಮೇಲೆ ನಿಲ್ಲಿಸಿ ನೀರು ಇಳಿಸಿ. ಆಮೇಲೆ ಹತ್ತು ಹದಿನೈದು ಹಾಳೆಗೊಂದರಂತೆ ಅಚ್ಚಾಗದ ಬಿಳಿ ಕಾಗದವನ್ನೋ ಟಿಶ್ಯೂವನ್ನೋ ಇಡಿ. ಸುದ್ದಿಪತ್ರಿಕೆ ಇಟ್ಟರೆ ಅದರ ಮಸಿ ಪುಸ್ತಕಕ್ಕೆ ಅಂಟುತ್ತದೆ. ತುಂಬಾ ಕಾಗದ ತುರುಕಿದರೆ ಬೆನ್ನು ಬಿರಿಯುತ್ತದೆ. ಪುಸ್ತಕದ ದಪ್ಪದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಕಾಗದ ನೆನೆದ ಹಾಗೆ ಬದಲಿಸುತ್ತಿರಿ. ಸಾಕಷ್ಟು ಆರಿದ ಮೇಲೆ ಪುಸ್ತಕವನ್ನು ಬೀಸಣಿಗೆಯಂತೆ ಅಗಲಿಸಿ ನಿಲ್ಲಿಸಿ, ಫ್ಯಾನಿನ ಗಾಳಿ ಕೋಣೆಯಲ್ಲಿ ಆಡಲಿ, ನೇರವಾಗಿ ಬೀಸುವುದು ಬೇಡ. ಪೂರ್ತಿ ಒಣಗಿದ ಮೇಲಷ್ಟೇ ಭಾರ ಹೇರಿ ಒತ್ತಿಡಿ.

ಚಿತ್ರಗಳಿರುವ, ನುಣ್ಣನೆಯ ಹೊಳಪು ಕಾಗದದ ಪುಸ್ತಕವಾದರೆ ಕಥೆ ಬೇರೆ. ಒದ್ದೆಯಿರುವಾಗಲೇ ಒಂದೊಂದು ಹಾಳೆಯ ನಡುವೆಯೂ ಕಾಗದ ಹಾಕಬೇಕು. ಹಾಗೇ ಒಣಗಲು ಬಿಟ್ಟರೆ ಹಾಳೆಗಳು ಅಂಟಿಕೊಂಡು ಇಟ್ಟಿಗೆಯಂತಾಗುತ್ತವೆ, ಬಿಡಿಸಲು ಬರುವುದಿಲ್ಲ. ಆ ಹೊತ್ತಿಗೆ ಬಿಡುವಿಲ್ಲದಿದ್ದರೆ ಬಟರ್ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ಕೆಡುವುದು ಅಲ್ಲಿಗೆ ನಿಲ್ಲುತ್ತದೆ, ಒಣಗಿಸುವುದನ್ನು ಆಮೇಲೆ ನೋಡಿಕೊಳ್ಳಬಹುದು.

ಹರಿದ ಹಾಳೆಗೆ ಸೆಲ್ಲೋಟೇಪ್ ಹಾಕಿ ‘ಸರಿಮಾಡಿ’ ಕೊಡಬೇಡಿ. ಟೇಪಿನ ಗೋಂದು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಹರಿದದ್ದನ್ನು ಹರಿದಂತೆಯೇ ತಂದು ತೋರಿಸಿ. ಮುಚ್ಚಿಟ್ಟು ಪೆಟ್ಟಿಗೆಗೆ ಹಾಕಿದ ಒದ್ದೆ ಪುಸ್ತಕವೊಂದು ತನ್ನ ಜೊತೆ ಇನ್ನೂ ಹತ್ತಕ್ಕೆ ಬೂಷ್ಟು ಹಚ್ಚುತ್ತದೆ.

ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಪುಸ್ತಕ ಸಿಗುವುದಿಲ್ಲ, ರ‍್ಯಾಕಿನಲ್ಲಿ ಕಣ್ಣಿಗೆ ಕಾಣುತ್ತಿರುತ್ತದೆ!
– ಪಿಎಚ್.ಡಿ. ವಿದ್ಯಾರ್ಥಿ, ಹೊಸಪೇಟೆ

ನಿಮ್ಮ ಕಣ್ಣಿಗೆ ಒಂದೇ ಆಗಿ ಕಾಣುವುದು ಕಂಪ್ಯೂಟರಿಗೆ ಎರಡಾಗಿರಬಹುದು. ಅನುಸ್ವಾರ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ನೋಡಲು ಅವಳಿ. ಅವಸರದಲ್ಲಿ ಸೊನ್ನೆ ಒತ್ತಿ ‘ಸ೦ಪುಟ’ ಎಂದು ಸೇರಿಸಿದ್ದರೆ, ನೀವು ಸರಿಯಾಗಿ ‘ಸಂಪುಟ’ ಎಂದು ಹುಡುಕಿದಾಗ ಅದು ಬರುವುದಿಲ್ಲ. ಯೂನಿಕೋಡಿನಲ್ಲಿ ‘ಕೊ’, ‘ಕೋ’ಗಳ ಸ್ವರಚಿಹ್ನೆಯನ್ನು ಒಂದೇ ಚಿಹ್ನೆಯಾಗಿಯೂ ಬಿಡಿ ಚೂರುಗಳಾಗಿಯೂ ಇಡಲು ಬರುತ್ತದೆ. ಹಳೆಯ ನುಡಿ, ಬರಹದ ಕಡತಗಳನ್ನು ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪಿರಬಹುದು. ಇದರ ಮೇಲೆ ಪದ ಬಿಡಿಸುವ ರೀತಿ: ‘ಸಾಹಿತ್ಯಚರಿತ್ರೆ’ಯೋ ‘ಸಾಹಿತ್ಯ ಚರಿತ್ರೆ’ಯೋ? ಲೇಖಕರ ಹೆಸರಿನಲ್ಲಿ ‘ಕುವೆಂಪು’ ಒಂದೆಡೆ, ‘ಪುಟ್ಟಪ್ಪ, ಕೆ.ವಿ.’ ಇನ್ನೊಂದೆಡೆ, ಎರಡಕ್ಕೂ ಕೊಂಡಿ ಹಾಕಿಲ್ಲದಿದ್ದರೆ ಅರ್ಧ ಪುಸ್ತಕಗಳು ಮರೆ.

ಹುಡುಕುವವರು ಹೀಗೆ ಮಾಡಿ: ಇಡೀ ಶೀರ್ಷಿಕೆ ಬೇಡ, ಅನುಸ್ವಾರವೂ ಒತ್ತಕ್ಷರವೂ ಇಲ್ಲದ ಒಂದು ಪದ ಸಾಕು. ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಶೀರ್ಷಿಕೆ ಬರೆದು ನೋಡಿ, ಹಳೆಯ ದಾಖಲೆಗಳು ಹಾಗೇ ಇರುತ್ತವೆ. ಅದೂ ಇಲ್ಲವೆಂದರೆ ನೇರ 894.814ರ ಕಡೆ ನಡೆಯಿರಿ. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯದ ಮನೆ ಅದು: ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ ಕಾದಂಬರಿ. ಕರ್ನಾಟಕದ ಇತಿಹಾಸಕ್ಕೆ 954.87. ಸಿಕ್ಕ ಪುಸ್ತಕದ ನಂಬರನ್ನು ಚೀಟಿಯಲ್ಲಿ ಬರೆದು ಕೌಂಟರಿಗೆ ಕೊಡಿ, ದಾಖಲೆ ತಿದ್ದುವವರಿಗೆ ಅದು ತಲುಪಲಿ.

ಪ್ರತಿವರ್ಷ ಪುಸ್ತಕ ಎಣಿಸುತ್ತೇವೆಂದು ಬಾಗಿಲು ಹಾಕುತ್ತಾರಲ್ಲ, ಕಡಿಮೆ ಬಂದದ್ದಕ್ಕೆ ನೌಕರರ ಸಂಬಳ ಹಿಡಿಯುತ್ತಾರೆಯೇ?
– ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿ, ಮಂಗಳೂರು

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017ರ 215ನೇ ನಿಯಮವನ್ನು ಓದಿಕೊಳ್ಳಿ, ಸಂದರ್ಶನದಲ್ಲೂ ಕೇಳುತ್ತಾರೆ. 20,000 ಸಂಪುಟಗಳವರೆಗೆ ಪ್ರತಿವರ್ಷ ಪೂರ್ತಿ ಎಣಿಕೆ. 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ. ಅದಕ್ಕೂ ದೊಡ್ಡದಾದರೆ ಮೂರು ವರ್ಷ ಮೀರದಂತೆ ಮಾದರಿ ಎಣಿಕೆ. ಕೊರತೆ ಅಸಹಜವೆನಿಸಿದರೆ ಮಾತ್ರ ಪೂರ್ತಿ. ವರ್ಷದಲ್ಲಿ ಇಶ್ಯೂ ಆದ ಅಥವಾ ಓದಲು ತೆಗೆದ ಪ್ರತಿ 1,000 ಸಂಪುಟಕ್ಕೆ 5ರಷ್ಟು ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲವಾದರೆ, ಸಹಜವೆಂದು ಒಪ್ಪುತ್ತದೆ. 1,000 ರೂಪಾಯಿಗೂ ಹೆಚ್ಚು ಬೆಲೆಯ ಪುಸ್ತಕ, ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಹೋದರೆ ತನಿಖೆ ಆಗಲೇಬೇಕು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ತಮ್ಮದೇ ನಿಯಮಗಳಿರುತ್ತವೆ, ಅವನ್ನೂ ನೋಡಿ.

ಎಣಿಕೆಗೆ ಬಾಗಿಲು ಹಾಕುವ ಮುನ್ನ ಬೈಂಡಿಂಗಿಗೆ ಹೋದದ್ದು, ಪ್ರಾಧ್ಯಾಪಕರ ಕೋಣೆಗಳಲ್ಲಿ ವರ್ಷಗಳಿಂದ ಕೂತದ್ದು ಇವುಗಳ ಪಟ್ಟಿ ಕೈಯಲ್ಲಿರಲಿ. ಅದಿಲ್ಲದೆ ಎಣಿಸಿದರೆ ಕೊರತೆ ಬೆಟ್ಟದಷ್ಟು ಕಾಣುತ್ತದೆ. ಬಾರ್‌ಕೋಡ್ ಕಿತ್ತುಹೋದ ಪುಸ್ತಕ ಸಿಕ್ಕರೆ ನಿಮ್ಮ ಗ್ರಂಥಾಲಯದ ಗುಪ್ತಪುಟ ತೆಗೆಯಿರಿ. ಎಲ್ಲ ಪುಸ್ತಕಗಳಲ್ಲೂ ಒಂದೇ ಗೊತ್ತಾದ ಪುಟದಲ್ಲಿ ಮುದ್ರೆಯೊತ್ತಿ ಅಕ್ಸೆಷನ್ ನಂಬರ್ (ಆ ಪ್ರತಿಗೆ ಗ್ರಂಥಾಲಯ ಕೊಟ್ಟ ಕ್ರಮಸಂಖ್ಯೆ) ಬರೆದಿಡುವುದು ಇಂಥ ದಿನಕ್ಕೆಂದೇ. ಅದು ಎಷ್ಟನೆಯ ಪುಟ ಎಂದು ನೌಕರರಲ್ಲದವರ ಮುಂದೆ ಆಡಬೇಡಿ.

ವಾಪಸ್ ಬಂದ ಪುಸ್ತಕಗಳಲ್ಲಿ ಏನೇನು ಸಿಗುತ್ತದೆ? ಅವನ್ನೇನು ಮಾಡುತ್ತೀರಿ?
– ಗೃಹಿಣಿ, ದಾವಣಗೆರೆ

ಹಾಲ್ ಟಿಕೆಟ್, ಬಸ್ ಪಾಸು, ಗುರುತಿಗೆ ಇಟ್ಟ ಹತ್ತರ ನೋಟು, ನವಿಲುಗರಿ, ಒಣಗಿದ ಸಂಪಿಗೆ. ರಿಟರ್ನ್ ಆದ ಪುಸ್ತಕವನ್ನು ಬೆನ್ನು ಹಿಡಿದು ಮೆಲ್ಲಗೆ ಒಮ್ಮೆ ಹಾಳೆ ಹಾರಿಸಿ ನೋಡುವುದು ವಿಂಗಡಣೆಯ ಮೊದಲ ಹೆಜ್ಜೆ. ಹಾಲ್ ಟಿಕೆಟಾದರೆ ಅದರ ಮೇಲಿನ ನಂಬರಿನಿಂದ ಆ ಗಳಿಗೆಯಲ್ಲೇ ಫೋನು ಹೋಗಬೇಕು. ಹಣ, ಪಾಸು ಇತ್ಯಾದಿ ಲಕೋಟೆಗೆ ಸೇರುತ್ತವೆ. ಲಕೋಟೆಯ ಮೇಲೆ ತಾರೀಖು ಮತ್ತು ಪುಸ್ತಕದ ನಂಬರ್. ಪತ್ರವಾದರೆ ಓದುವಂತಿಲ್ಲ, ಮಡಚಿದ್ದು ಮಡಚಿದಂತೆಯೇ ಲಕೋಟೆಗೆ. ಹೂವನ್ನು ಮಾತ್ರ ಎಸೆಯಲೇಬೇಕು, ಅದರ ರಸ ಹಾಳೆಗೆ ಕಂದು ಕಲೆ ಮಾಡುತ್ತದೆ, ಹುಳುವನ್ನೂ ಕರೆಯುತ್ತದೆ. ನವಿಲುಗರಿಯ ಬಗ್ಗೆ ಯಾವ ನಿಯಮವೂ ಇಲ್ಲ. ಅದು ಕೌಂಟರಿನ ಪೆನ್ ಸ್ಟ್ಯಾಂಡಿನಲ್ಲಿ ಇರುತ್ತದೆ, ಬಂದು ಕೇಳಿದರೆ ಕೊಡುತ್ತಾರೆ.